ದಿನಕ್ಕೆ ಅರ್ಧ ನಿಮಿಷದ ನೀರು

ವೈಟ್‌ಫೀಲ್ಡಿನ ವಿಲ್ಲಾ ಲೇಔಟುಗಳಲ್ಲಿ, ಎಲೆಕ್ಟ್ರಾನಿಕ್ ಸಿಟಿಯಾಚೆಯ ಹೊಸ ಸೈಟುಗಳಲ್ಲಿ, ಪೀಣ್ಯದ ಬೆನ್ನಿಗಿರುವ ಚಿಕ್ಕಬಾಣಾವರದ ಹಿತ್ತಲುಗಳಲ್ಲಿ ಬೆಳಗ್ಗೆ ಏಳರ ಸುಮಾರಿಗೆ ನಡೆಯುವ ಕೆಲಸ ಹೆಚ್ಚುಕಡಿಮೆ ಒಂದೇ. ಮಾಲಿಯೋ ಮನೆಯವರೋ ಪೈಪು ಹಿಡಿದು ಹುಲ್ಲುಹಾಸು, ಕ್ರೋಟನ್, ತುಳಸಿ, ಮಾವಿನ ಸಸಿ, ಸೀಬೆ ಗಿಡ ಎಲ್ಲಕ್ಕೂ ಒಂದೇ ಸಮನೆ ನೀರು ಹಾಯಿಸುತ್ತ ಹೋಗುತ್ತಾರೆ. ಒಂದೊಂದರ ಬುಡದಲ್ಲಿ ಅರ್ಧ ನಿಮಿಷ ನಿಂತರೆ ಅದೇ ಹೆಚ್ಚು. ಮಣ್ಣಿನ ಬಣ್ಣ ಕಪ್ಪಾಗುತ್ತದೆ, ಮನಸ್ಸಿಗೂ ಸಮಾಧಾನವಾಗುತ್ತದೆ. ಹೀಗೆ ಒಂದು ದಿನವೂ ತಪ್ಪದೆ ನೀರು ಕುಡಿದ ಮಾವಿನ ಗಿಡ ಮೂರು ವರ್ಷ ಕಳೆದರೂ ಸೊಂಟದೆತ್ತರ ದಾಟಿರುವುದಿಲ್ಲ. ಎಲೆಯ ತುದಿ ಸುಟ್ಟಂತೆ ಕಂದಿರುತ್ತದೆ. ಬೇಸಿಗೆ ರಜೆಗೆ ಮನೆಯವರು ಊರಿಗೆ ಹೋಗಿ ಹತ್ತು ದಿನ ಬಿಟ್ಟು ಬಂದರೆ ಗಿಡ ಒಣಗಿ ನಿಂತಿರುತ್ತದೆ. ಆಗ ನರ್ಸರಿಯವನು ಮೋಸ ಮಾಡಿದ, ಮಣ್ಣು ಸರಿಯಿಲ್ಲ ಎಂಬ ಮಾತುಗಳು ಹೊರಡುತ್ತವೆ. ದಿನವೂ ನೀರು ಹಾಕಿದ್ದೇ ಕಾರಣವಿರಬಹುದು ಎಂದು ಯಾರಿಗೂ ಅನ್ನಿಸುವುದಿಲ್ಲ. ಬೆಂಗಳೂರಿನ ಹೊರವಲಯದ ಹಿತ್ತಲುಗಳಲ್ಲಿ ಎಳೆಯ ಹಣ್ಣಿನ ಗಿಡಗಳು ಕುಂಠಿತವಾಗುವುದು ಮುಖ್ಯವಾಗಿ ಈ ದಿನನಿತ್ಯದ ಚೂರು ನೀರಿನಿಂದ ಎಂಬುದು ನನ್ನ ವಾದ. ನೀರನ್ನು ದಿನ ಎಣಿಸಿ ಕೊಡುವ ಬದಲು ಮಣ್ಣಿನ ಆಳ ನೋಡಿ ಕೊಟ್ಟರೆ ಗಿಡವೂ ಬದುಕುತ್ತದೆ, ವರ್ಷಕ್ಕೆ ಖರ್ಚಾಗುವ ನೀರೂ ಕಡಿಮೆಯಾಗುತ್ತದೆ.

ಲೆಕ್ಕ ಕಷ್ಟದ್ದೇನಲ್ಲ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಸರಿಯಾಗಿ ಒಂದು ಲೀಟರ್. ಗಿಡದ ಸುತ್ತ ಮೂರೂಮುಕ್ಕಾಲು ಅಡಿ ಅಗಲದ ದುಂಡು ಪಾತಿ ಮಾಡಿದರೆ ಅದರ ವಿಸ್ತಾರ ಸುಮಾರು ಒಂದು ಚದರ ಮೀಟರ್ ಆಗುತ್ತದೆ. ಅರ್ಧ ನಿಮಿಷ ಹಿಡಿದ ಪೈಪಿನಿಂದ ಬರುವುದು ಹೆಚ್ಚೆಂದರೆ ಮೂರು ಲೀಟರ್, ಎಂದರೆ ಆ ಪಾತಿಗೆ ಮೂರು ಮಿಲಿಮೀಟರ್. ಒಣಗಿದ ನಮ್ಮ ಕೆಮ್ಮಣ್ಣಿನಲ್ಲಿ ಅಷ್ಟು ನೀರು ಮೂರು ಸೆಂಟಿಮೀಟರಿನಷ್ಟು, ಎರಡು ಬೆರಳಿನ ಅಗಲದಷ್ಟು ಮಾತ್ರ ಕೆಳಗಿಳಿಯುತ್ತದೆ. ಮಾರ್ಚ್ ತಿಂಗಳ ಬಿಸಿಲಿನಲ್ಲಿ ಬೋಳು ನೆಲದ ಆ ಮೇಲ್ಪದರ ಸಂಜೆಯೊಳಗೆ ಮತ್ತೆ ಒಣಗಿರುತ್ತದೆ. ಗಿಡದ ಬೇರು ಇರಬೇಕಾದದ್ದು ಒಂದು ಗೇಣಿನಿಂದ ಒಂದು ಮೊಳದ ಆಳದಲ್ಲಿ. ಅಲ್ಲಿಗೆ ನೀರು ತಲುಪಿಯೇ ಇರುವುದಿಲ್ಲ. ಬೇರು ಬೆಳೆಯುವುದು ಹದವಿರುವ ಕಡೆಗೆ. ಹದ ಮೇಲೆಯೇ ಇದ್ದರೆ ಬೇರೂ ಮೇಲೆಯೇ ಹರಡಿಕೊಳ್ಳುತ್ತದೆ, ಮೇಲ್ಮಣ್ಣು ಒಂದು ವಾರ ಒಣಗಿದರೆ ಅದಕ್ಕೆ ಬೇರೆ ಆಸರೆ ಇರುವುದಿಲ್ಲ. ರಜೆ ಮುಗಿಸಿ ಬಂದವರು ಸತ್ತ ಗಿಡ ನೋಡಿ, ದಿನ ತಪ್ಪಿಸಿದ್ದಕ್ಕೇ ಹೀಗಾಯಿತು ಎಂದು ತೀರ್ಮಾನಿಸುತ್ತಾರೆ. ದಿನಾ ಹಾಕಿ ಹಾಕಿ ಬೇರನ್ನು ಮೇಲಕ್ಕೆ ಕರೆದದ್ದೇ ಮೊದಲ ತಪ್ಪು ಎಂಬುದು ಅವರ ಗಮನಕ್ಕೆ ಬರುವುದಿಲ್ಲ.

ಎಲೆಯ ತುದಿ ಸುಡುವುದಕ್ಕೂ ಇದಕ್ಕೂ ನಂಟಿದೆ. ಈ ಭಾಗದ ಬೋರ್‌ವೆಲ್ ನೀರು ಗಡಸು. ಬಕೆಟ್ಟಿನ ಒಳಗೆ ಬಿಳಿಯ ಪದರ ಕಟ್ಟುವುದನ್ನು ಎಲ್ಲರೂ ನೋಡಿದ್ದಾರೆ. ಚೂರು ಚೂರೇ ಹಾಕಿದ ನೀರು ಆವಿಯಾಗಿ ಹೋಗುತ್ತದೆ, ಅದರೊಳಗಿನ ಲವಣ ಮಾತ್ರ ಮೇಲ್ಮಣ್ಣಿನಲ್ಲಿ ದಿನದಿನವೂ ಶೇಖರವಾಗುತ್ತದೆ. ಮಾವು, ಬೆಣ್ಣೆಹಣ್ಣು, ನಿಂಬೆಯಂಥ ಗಿಡಗಳಿಗೆ ಲವಣ ಸಹಿಸುವ ಶಕ್ತಿ ಕಡಿಮೆ. ಆಳಕ್ಕೆ ಇಳಿಯುವಷ್ಟು ನೀರು ಒಮ್ಮೆಗೆ ಕೊಟ್ಟರೆ ಅದೇ ಲವಣವನ್ನು ಅದು ಬೇರಿನ ಕೆಳಗೆ ತಳ್ಳಿಕೊಂಡು ಹೋಗುತ್ತದೆ. ಕಂದಿದ ಎಲೆ ನೋಡಿ ಗಾಬರಿಯಾಗಿ ಗೊಬ್ಬರ ಸುರಿದರೆ ಲವಣದ ಮೇಲೆ ಇನ್ನಷ್ಟು ಲವಣ ಸೇರಿಸಿದಂತಾಗುತ್ತದೆ.

ಹಾಗಾದರೆ ಎಷ್ಟು ನೀರು, ಎಷ್ಟು ದಿನಕ್ಕೊಮ್ಮೆ? ಒಂದು ಚದರ ಮೀಟರ್ ಪಾತಿಯ ಕೆಳಗೆ ಒಂದು ಮೊಳ ಆಳದವರೆಗಿನ ಕೆಂಪು ಗೋಡು ಮಣ್ಣು ಗಿಡಕ್ಕೆ ಸಿಗುವಂಥ ನೀರನ್ನು ಸುಮಾರು ಐವತ್ತು ಲೀಟರ್ ಹಿಡಿದಿಟ್ಟುಕೊಳ್ಳಬಲ್ಲದು. ಅದರಲ್ಲಿ ಅರ್ಧ ಖಾಲಿಯಾಗುವವರೆಗೆ ಗಿಡಕ್ಕೆ ಕಷ್ಟವಿಲ್ಲ. ಆ ಅರ್ಧವನ್ನು ಮತ್ತೆ ತುಂಬಲು ಬೇಕಾದದ್ದು ಇಪ್ಪತ್ತೈದು ಲೀಟರ್, ಎಂದರೆ ಎರಡು ಬಿಂದಿಗೆಯ ಆಸುಪಾಸು. ಚಳಿಗಾಲದಲ್ಲಿ ಗಿಡ ಮತ್ತು ನೆಲ ಸೇರಿ ದಿನಕ್ಕೆ ಎರಡೂವರೆ ಲೀಟರ್ ಖರ್ಚು ಮಾಡುತ್ತವೆ ಎಂದುಕೊಂಡರೆ ಈ ನೀರು ಹತ್ತು ದಿನ ಬರುತ್ತದೆ. ಮಾರ್ಚ್-ಏಪ್ರಿಲ್‌ನಲ್ಲಿ ಖರ್ಚು ನಾಲ್ಕೈದು ಲೀಟರಿಗೆ ಏರುವುದರಿಂದ ಐದಾರು ದಿನಕ್ಕೊಮ್ಮೆ ಬೇಕಾಗುತ್ತದೆ. ಇದು ಅಂದಾಜಿನ ಲೆಕ್ಕ, ಮಣ್ಣು ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ. ಅದರಿಂದ ಏಳುವ ದೊಡ್ಡ ಆಕ್ಷೇಪವೂ ನ್ಯಾಯವಾದದ್ದೇ. ಈ ಲೇಔಟುಗಳು ರಾಗಿ ಹೊಲವಾಗಿದ್ದಾಗಿನ ಮಣ್ಣು ಈಗ ಎಲ್ಲಿದೆ? ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಶುರುವಾದ ಮೇಲೆ ಸುತ್ತಲಿನ ಹೊಲಗಳೆಲ್ಲ ಸೈಟಾಗಿವೆ. ಮೇಲ್ಮಣ್ಣನ್ನು ಜೆಸಿಬಿ ಕೆರೆದು ಸಾಗಿಸಿದೆ, ಉಳಿದ ಗರಸು ನೆಲದ ಮೇಲೆ ಜಲ್ಲಿ, ಇಟ್ಟಿಗೆ ಚೂರು, ಸಿಮೆಂಟು ಗಾರೆ ತುಂಬಿ ರೋಲರ್ ಓಡಿಸಿದ್ದಾರೆ. ಇಂಥಲ್ಲಿ ಇಪ್ಪತ್ತೈದು ಲೀಟರ್ ಒಟ್ಟಿಗೆ ಸುರಿದರೆ ಸಡಿಲ ಗರಸಿನಲ್ಲಿ ಸೋರಿ ಕೆಳಗೆ ಹೋಗಬಹುದು, ಬಿಗಿದ ನೆಲವಾದರೆ ಗುಂಡಿಯಲ್ಲೇ ನಿಂತು ಬೇರು ಕೊಳೆಯಬಹುದು. ಆದ್ದರಿಂದ ನೀರಿನ ಪ್ರಶ್ನೆ ಗುಂಡಿ ತೋಡುವ ದಿನವೇ ಶುರುವಾಗುತ್ತದೆ. ಮಾವಿಗೆ ಮೂರಡಿ ಉದ್ದ, ಅಗಲ, ಆಳದ ಗುಂಡಿ ಎಂದು ತೋಟಗಾರಿಕೆಯವರು ಹೇಳುವುದು ಸುಮ್ಮನೆ ಅಲ್ಲ. ತೋಡಿದ ಗುಂಡಿಗೆ ಎರಡು ಬಕೆಟ್ ನೀರು ಸುರಿದು ಮರುದಿನ ನೋಡಬೇಕು. ನೀರು ಇನ್ನೂ ನಿಂತಿದ್ದರೆ ಅಲ್ಲಿ ನೆಡಬಾರದು, ಇಲ್ಲವೇ ನೆಲಮಟ್ಟಕ್ಕಿಂತ ಎತ್ತರದ ದಿಬ್ಬ ಮಾಡಿ ನೆಡಬೇಕು. ಬೇಗನೆ ಸೋರುವ ನೆಲವಾದರೆ ಕಾಂಪೋಸ್ಟ್ ಹೆಚ್ಚು ಬೆರೆಸಿ, ಅದೇ ವಾರದ ನೀರನ್ನು ಎರಡು ಕಂತಿನಲ್ಲಿ ಕೊಟ್ಟರಾಯಿತು. ಕಂತು ಎರಡಾಗಬಹುದು, ಏಳಾಗಬೇಕಿಲ್ಲ.

ಮಣ್ಣಿನ ಸ್ಥಿತಿ ತಿಳಿಯಲು ಯಂತ್ರವೇನೂ ಬೇಡ. ಬುಡದಿಂದ ಒಂದಡಿ ಆಚೆ ಒಂದು ಗೇಣು ಆಳಕ್ಕೆ ಮಣ್ಣು ಕೆದಕಿ, ಅಲ್ಲಿಂದ ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಒತ್ತಬೇಕು. ಉಂಡೆ ಕಟ್ಟಿದರೆ ನೀರು ಬೇಡ, ಪುಡಿಯಾಗಿ ಉದುರಿದರೆ ಬೇಕು. ಮಧ್ಯಾಹ್ನ ಎರಡು ಗಂಟೆಗೆ ಎಲೆ ಜೋತುಬಿದ್ದಿತೆಂದು ಪೈಪು ಹಿಡಿದು ಓಡಬೇಕಾಗಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ನೀರಿದ್ದರೂ ಎಳೆ ಚಿಗುರು ಬಾಗುತ್ತದೆ. ಬೆಳಗ್ಗೆ ಆರಕ್ಕೂ ಎಲೆ ಬಾಡಿಯೇ ಇದ್ದರೆ ಆಗ ಯೋಚಿಸಬೇಕು.

ಆಳದ ಈ ನಿಯಮಕ್ಕೆ ಒಂದು ವಿನಾಯಿತಿ ಉಂಟು, ಅದನ್ನು ಮರೆತರೂ ಗಿಡ ಸಾಯುತ್ತದೆ. ನರ್ಸರಿಯಿಂದ ತಂದ ಕಸಿ ಗಿಡದ ಬೇರೆಲ್ಲ ಇರುವುದು ಆ ಕಪ್ಪು ಕವರಿನ ಆಕಾರದ ಮಣ್ಣಿನ ಮುದ್ದೆಯಲ್ಲಿ. ಅದರಲ್ಲಿ ತೆಂಗಿನ ನಾರಿನ ಪುಡಿ, ಮರಳು, ಗೊಬ್ಬರ ಬೆರೆತಿರುವುದರಿಂದ ಸುತ್ತಲಿನ ಮಣ್ಣಿಗಿಂತ ಬೇಗ ಒಣಗುತ್ತದೆ. ಸುತ್ತ ಎಷ್ಟೇ ಹದವಿದ್ದರೂ ಬೇರು ಅಲ್ಲಿಗೆ ದಾಟುವವರೆಗೆ ಗಿಡಕ್ಕೆ ಅದು ಸಿಗುವುದಿಲ್ಲ. ಆದ್ದರಿಂದ ನೆಟ್ಟ ಮೊದಲ ಒಂದೂವರೆ-ಎರಡು ತಿಂಗಳು ಮಳೆಯಿಲ್ಲದ ದಿನಗಳಲ್ಲಿ ಎರಡು-ಮೂರು ದಿನಕ್ಕೊಮ್ಮೆ ನಾಲ್ಕೈದು ಲೀಟರನ್ನು ನೇರವಾಗಿ ಆ ಮುದ್ದೆಯ ಮೇಲೆಯೇ ನಿಧಾನವಾಗಿ ಎರೆಯಬೇಕು. ಅದರ ಜೊತೆಗೆ ವಾರಕ್ಕೊಮ್ಮೆ ಪಾತಿಯನ್ನೂ ತುಂಬಬೇಕು, ಬೇರಿಗೆ ಹೊರಗೆ ಬರಲು ದಾರಿ ಬೇಕಲ್ಲ. ಹೊಸ ಚಿಗುರು ಒಂದು ಸುತ್ತು ಬಂದು ಎಲೆ ಗಟ್ಟಿಯಾದ ಮೇಲೆ ನೀರಿನ ನಡುವಿನ ದಿನಗಳನ್ನು ಮೂರರಿಂದ ನಾಲ್ಕು, ನಾಲ್ಕರಿಂದ ಆರು ಎಂದು ಹಿಗ್ಗಿಸುತ್ತ ಹೋಗಬೇಕು. ನಮ್ಮಲ್ಲಿ ಹೆಚ್ಚಿನವರು ಎಡವುವುದು ಈ ಹಿಗ್ಗಿಸುವ ಹಂತದಲ್ಲಿಯೇ. ಮೊದಲ ತಿಂಗಳ ಅಭ್ಯಾಸವೇ ಮೂರು ವರ್ಷದ ಪದ್ಧತಿಯಾಗಿಬಿಡುತ್ತದೆ.

ಎರಡು ತಿಂಗಳ ಈ ಬಾಣಂತನ ಯಾವ ತಿಂಗಳಲ್ಲಿ ಬರುತ್ತದೆ ಎಂಬುದರ ಮೇಲೆ ಅರ್ಧ ಕೆಲಸ ನಿಂತಿದೆ. ಬೆಂಗಳೂರಿನಲ್ಲಿ ಗಿಡ ಕೊಳ್ಳುವ ಹಬ್ಬಗಳನ್ನು ನೋಡಿ. ಜಿಕೆವಿಕೆಯ ಕೃಷಿ ಮೇಳ ಸಾಮಾನ್ಯವಾಗಿ ನವೆಂಬರಿನಲ್ಲಿ. ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ವರ್ಷಕ್ಕೆ ಎರಡು ಬಾರಿ, ಗಣರಾಜ್ಯೋತ್ಸವಕ್ಕೊಮ್ಮೆ, ಸ್ವಾತಂತ್ರ್ಯ ದಿನಾಚರಣೆಗೊಮ್ಮೆ. 1967ರಲ್ಲಿ ಆರಂಭವಾದ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ತೋಟಗಾರಿಕೆ ಮೇಳ ನಡೆಯುವುದು ಹೆಚ್ಚಾಗಿ ಫೆಬ್ರವರಿಯಲ್ಲಿ. ಒಳ್ಳೆಯ ತಳಿಗಳು ಕಣ್ಣಿಗೆ ಬೀಳುವುದು ಇಂಥ ಕಡೆ, ಜನ ಕಾರಿನ ಡಿಕ್ಕಿ ತುಂಬಿಸಿಕೊಂಡು ಬರುವುದೂ ಸಹಜ. ಆದರೆ ಆಗಸ್ಟ್ ಒಂದನ್ನು ಬಿಟ್ಟರೆ ಉಳಿದವೆಲ್ಲ ನೆಲ ಒಣಗುತ್ತಿರುವ ಕಾಲದಲ್ಲಿ ಬರುತ್ತವೆ. ಜನವರಿ ಕೊನೆಯಲ್ಲಿ ತಂದು ನೆಟ್ಟ ಸೀಬೆ ಗಿಡ ಕವರಿನ ಮುದ್ದೆಯಿಂದ ಬೇರು ಹೊರಗೆ ಹಾಕುವಷ್ಟರಲ್ಲಿ ಮಾರ್ಚ್ ಬಂದಿರುತ್ತದೆ. ಮೇಳದಲ್ಲಿ ಕೊಂಡರೆ ಕೊಳ್ಳಿ, ಸ್ವಲ್ಪ ದೊಡ್ಡ ಕುಂಡಕ್ಕೋ ಕವರಿಗೋ ಬದಲಿಸಿ, ಬೆಳಗಿನ ಬಿಸಿಲು ಮಾತ್ರ ಬೀಳುವ ಕಡೆ ಜೂನ್ ತನಕ ಇಟ್ಟುಕೊಳ್ಳಿ. ಕುಂಡದಲ್ಲಿ ನಾಲ್ಕು ತಿಂಗಳು ಕಾಪಾಡುವುದು ಬಯಲಿನ ಗುಂಡಿಯಲ್ಲಿ ಕಾಪಾಡುವುದಕ್ಕಿಂತ ಸುಲಭ, ನೀರೂ ಕಡಿಮೆ ಸಾಕು.

ಇಲ್ಲಿ ಹಿರಿಯರೊಬ್ಬರಾದರೂ ಕೇಳುವ ಮಾತು ಒಂದಿದೆ: ನಮ್ಮ ಊರಿನ ಗುಂಡುತೋಪಿನ ಮಾವು, ಹಲಸು, ನೇರಳೆಗೆ ಯಾರು ನೀರು ಹಾಕಿದ್ದರು? ಮರ ತಾನಾಗಿಯೇ ಬೆಳೆಯಲಿಲ್ಲವೇ? ಬೆಳೆದು ನಿಂತ ಮರದ ಮಟ್ಟಿಗೆ ಮಾತು ನಿಜ. ಆದರೆ ಓಟೆಯಿಂದ ಬಿದ್ದಲ್ಲೇ ಹುಟ್ಟಿದ ಮಾವು ಎರಡೆಲೆ ಬಿಡುವಷ್ಟರಲ್ಲಿ ತಾಯಿ ಬೇರನ್ನು ಆಳಕ್ಕೆ ಇಳಿಸಿರುತ್ತದೆ. ಕವರಿನಲ್ಲಿ ಬೆಳೆದ ಕಸಿ ಗಿಡದ ತಾಯಿ ಬೇರು ತಳಕ್ಕೆ ತಾಗಿ ಸುರುಳಿ ಸುತ್ತಿರುತ್ತದೆ, ಇಲ್ಲವೇ ತುಂಡಾಗಿರುತ್ತದೆ. ತೋಪಿನಲ್ಲಿ ಹುಟ್ಟಿ ಸತ್ತ ನೂರು ಸಸಿಗಳನ್ನು ನಾವು ನೋಡಿಲ್ಲ, ಉಳಿದ ಒಂದನ್ನು ನೋಡುತ್ತಿದ್ದೇವೆ. ನೆಟ್ಟು ಬೆಳೆಸಿದ ಮರಗಳ ಕಥೆಯೇ ಬೇರೆ. ಪೀಣ್ಯದಿಂದ ಪಶ್ಚಿಮಕ್ಕೆ, ಮಾಗಡಿ ತಾಲ್ಲೂಕಿನ ಹುಲಿಕಲ್-ಕುದೂರು ರಸ್ತೆಯಲ್ಲಿ ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯ ಬೆಳೆಸಿದ ಆಲದ ಸಾಲು ನಾಡಿಗೆಲ್ಲ ಗೊತ್ತು. ಆಲ ಎಂಥ ಗಟ್ಟಿ ಮರ, ಗೋಡೆಯ ಬಿರುಕಿನಲ್ಲೂ ಹುಟ್ಟುವಂಥದ್ದು. ಅದಕ್ಕೂ ಆ ದಂಪತಿ ಮಳೆಗಾಲ ನೋಡಿಕೊಂಡು ನೆಟ್ಟು, ದೂರದಿಂದ ನೀರು ಹೊತ್ತು ತಂದು ಎರೆದರು, ಮುಂದಿನ ಮಳೆಗಾಲದ ಹೊತ್ತಿಗೆ ಸಸಿ ಬೇರೂರುವಂತೆ ನೋಡಿಕೊಂಡರು. ದೂರದಿಂದ ಹೊರುವವರಿಗೆ ದಿನವೂ ಎಲ್ಲ ಗಿಡಕ್ಕೆ ಚಿಮುಕಿಸುವ ಐಷಾರಾಮ ಇರುವುದಿಲ್ಲ. ಮೊದಲ ಬೇಸಿಗೆ ದಾಟಿಸುವುದೇ ಲೆಕ್ಕ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನನಗೆ ಗೊತ್ತಿಲ್ಲ.

ಇನ್ನು ಋತುಗಳ ವಿಷಯ. ಬೆಂಗಳೂರಿಗೆ ವರ್ಷಕ್ಕೆ ಬೀಳುವ ಮಳೆ ಸರಾಸರಿ 1,000 ಮಿಲಿಮೀಟರಿನ ಆಸುಪಾಸು. ಸಾಲದ ಮಳೆಯೇನಲ್ಲ, ಆದರೆ ಹಂಚಿಕೆ ವಿಚಿತ್ರ. ಡಿಸೆಂಬರಿನಿಂದ ಮಾರ್ಚ್‌ವರೆಗಿನ ನಾಲ್ಕು ತಿಂಗಳ ಸರಾಸರಿ ಸೇರಿಸಿದರೂ 50 ಮಿಲಿಮೀಟರ್ ದಾಟುವುದಿಲ್ಲ. ಸೆಪ್ಟೆಂಬರ್ ಒಂದರಲ್ಲೇ ಸುಮಾರು 200 ಮಿಲಿಮೀಟರ್ ಸುರಿಯುತ್ತದೆ. ಅಶ್ವಿನಿ, ಭರಣಿಯ ಗುಡುಗು ಮಳೆ ಏಪ್ರಿಲ್ ಮಧ್ಯದಿಂದ ಮೇ ಎರಡನೇ ವಾರದವರೆಗೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಂದರೂ ರಭಸವಾಗಿ ಬಂದು ಬಿಗಿದ ನೆಲದ ಮೇಲೆ ಹರಿದು ಚರಂಡಿ ಸೇರುವುದೇ ಹೆಚ್ಚು. ಪಾತಿಯ ಅಂಚು ನಾಲ್ಕು ಬೆರಳು ಎತ್ತರವಿದ್ದರೆ ಮಾತ್ರ ಆ ನೀರು ಗಿಡಕ್ಕೆ ದಕ್ಕುತ್ತದೆ. 20 ಮಿಲಿಮೀಟರ್ ಮಳೆ ಪೂರ್ತಿ ಪಾತಿಯಲ್ಲಿ ಇಂಗಿದರೆ ಆ ವಾರದ ನೀರು ಬಂದಂತೆಯೇ, ಬಿಂದಿಗೆ ಎತ್ತಬೇಕಿಲ್ಲ. ಮೇಲೆ ನೆನೆದದ್ದನ್ನು ನೋಡಿ ನಂಬದೆ ಒಂದು ಗೇಣು ಕೆದಕಿ ನೋಡುವುದು ಆಗಲೂ ಅಗತ್ಯ.

ನಿಜವಾಗಿ ಮೋಸ ಮಾಡುವುದು ಜೂನ್, ಜುಲೈ. ಮಂಗಳೂರು, ಆಗುಂಬೆಗಳಲ್ಲಿ ಆರಿದ್ರೆ, ಪುನರ್ವಸು ಹಗಲು-ರಾತ್ರಿ ಸುರಿಯುವಾಗ ಘಟ್ಟದ ಇತ್ತ ಬೆಂಗಳೂರಿಗೆ ಬರುವುದು ಮೋಡ, ಪಡುವಣ ಗಾಳಿ ಮತ್ತು ಜಿಟಿಜಿಟಿ ಹನಿ. ರಸ್ತೆ ಒದ್ದೆ, ಬಟ್ಟೆ ಒಣಗುವುದಿಲ್ಲ, ಟ್ರಾಫಿಕ್ ಜಾಮ್. ಮಳೆಗಾಲ ಎಂದು ಎಲ್ಲರೂ ಪೈಪು ಸುತ್ತಿಡುತ್ತಾರೆ. ಆದರೆ ದಿನಕ್ಕೆ ಒಂದೆರಡು ಮಿಲಿಮೀಟರ್ ಹನಿಯೂ ಅರ್ಧ ನಿಮಿಷದ ಪೈಪಿನ ಜಾತಿಯದೇ, ಎರಡು ಬೆರಳಿಗಿಂತ ಕೆಳಗೆ ಇಳಿಯುವುದಿಲ್ಲ. ಮೇಲಿಂದ ಆ ಗಾಳಿ ನೆಲವನ್ನೂ ಎಲೆಯನ್ನೂ ಒಣಗಿಸುತ್ತದೆ. ಜೂನ್ ಮೊದಲಲ್ಲಿ ನೆಟ್ಟ ಗಿಡ ಜುಲೈ ಮಧ್ಯದಲ್ಲಿ ಬಾಡಿದರೆ ರೋಗ ಎಂದು ಔಷಧಿ ತರಲು ಹೋಗುತ್ತಾರೆ. ಹತ್ತು ದಿನ ಒಂದೂ ಗಟ್ಟಿ ಮಳೆಯಿಲ್ಲದೆ ಕಳೆದಿದ್ದರೆ ಆ ಜಿಟಿಜಿಟಿಯ ನಡುವೆಯೇ ಕೊಡೆ ಹಿಡಿದಾದರೂ ಪಾತಿ ತುಂಬಬೇಕು. ನೆರೆಮನೆಯವರು ನಗುತ್ತಾರೆ, ನಗಲಿ.

ಆಗಸ್ಟ್ ಮಧ್ಯದ ಮಘೆಯಿಂದ ಅಕ್ಟೋಬರಿನ ಚಿತ್ತೆಯವರೆಗೆ ಸಮಸ್ಯೆ ತಿರುವುಮುರುವಾಗುತ್ತದೆ. ಈಗ ಕೆಲಸವಿರುವುದು ನೀರು ಹೊರಗೆ ಬಿಡುವುದರಲ್ಲಿ. 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಮಹದೇವಪುರ, ವೈಟ್‌ಫೀಲ್ಡ್ ಕಡೆಯ ಲೇಔಟುಗಳಲ್ಲಿ ಜನ ಟ್ರ್ಯಾಕ್ಟರ್ ಹತ್ತಿ ಆಚೆ ಬಂದದ್ದು ನೆನಪಿರಬಹುದು. ಕೆರೆಯ ಅಂಗಳ, ರಾಜಕಾಲುವೆಯ ಬದಿ ಮನೆ ಕಟ್ಟಿದ ಕಡೆ ಗಿಡಕ್ಕೂ ಅದೇ ಗತಿ. ಬೇರಿಗೆ ಗಾಳಿ ಬೇಕು. ಮಣ್ಣಿನ ರಂಧ್ರಗಳಲ್ಲೆಲ್ಲ ನೀರು ನಿಂತರೆ ಬೇರು ಉಸಿರುಕಟ್ಟಿ ಸಾಯುತ್ತದೆ, ಸತ್ತ ಬೇರಿಗೆ ಶಿಲೀಂಧ್ರ ಹತ್ತುತ್ತದೆ. ಪರಂಗಿ ಗಿಡವಂತೂ ಬುಡದಲ್ಲಿ ಒಂದೆರಡು ದಿನ ನೀರು ನಿಂತರೆ ಉಳಿಯುವುದು ಕಷ್ಟ. ನಿಂಬೆ, ಚಕ್ಕೋತ, ಕಿತ್ತಳೆ ಜಾತಿಯಲ್ಲಿ ಕಾಂಡಕ್ಕೆ ಸದಾ ತೇವ ತಾಗುತ್ತಿದ್ದರೆ ತೊಗಟೆಯಿಂದ ಅಂಟು ಸುರಿಯುವ ರೋಗ ಬರುತ್ತದೆ. ಆದ್ದರಿಂದ ಯಾವ ಗಿಡಕ್ಕೇ ಆಗಲಿ, ಕಾಂಡದ ಸುತ್ತ ಒಂದು ಗೇಣು ಮಣ್ಣು ಏರಿಸಿ, ಅದರ ಹೊರಗೆ ಬಳೆಯಂತೆ ಪಾತಿ ಮಾಡಬೇಕು. ಹುಬ್ಬೆ ಮಳೆ ಹಿಡಿಯಿತೆಂದರೆ ಪಾತಿಯ ಒಂದು ಕಡೆ ಬಾಯಿ ಬಿಡಿಸಿ ನೀರು ಹರಿದುಹೋಗುವಂತೆ ಮಾಡಬೇಕು. ಬಾಳೆಗೆ ಮಾತ್ರ ಉಳಿದವಕ್ಕಿಂತ ಹೆಚ್ಚು ನೀರು ಬೇಕು, ಅದನ್ನು ಮಾವಿನ ಪಕ್ಕ ನೆಟ್ಟು ಇಬ್ಬರಿಗೂ ಒಂದೇ ಅಳತೆ ಹಾಕುವುದು ಎರಡಕ್ಕೂ ಅನ್ಯಾಯ.

ವರ್ಷದಲ್ಲಿ ಜನ ಅತಿ ಹೆಚ್ಚು ಮೈಮರೆಯುವ ಸಮಯ ಯಾವುದೆಂದರೆ ನವೆಂಬರ್-ಡಿಸೆಂಬರ್. ಸ್ವಾತಿ, ವಿಶಾಖೆ ಮುಗಿದಿರುತ್ತವೆ, ಬೆಳಗ್ಗೆ ಇಬ್ಬನಿ, ಸಂಜೆ ಸ್ವೆಟರ್. ತಂಪಿಗೆ ನೀರೇಕೆ ಎಂಬ ಭಾವನೆ. ಇಬ್ಬನಿ ಎಲೆಯನ್ನು ನೆನೆಸುತ್ತದೆಯೇ ಹೊರತು ಬೇರನ್ನಲ್ಲ. ಒಣ ಗಾಳಿ, ಮೋಡವಿಲ್ಲದ ಬಿಸಿಲು ಸೇರಿ ನೆಲದ ಹದವನ್ನು ಸದ್ದಿಲ್ಲದೆ ಹೀರುತ್ತಿರುತ್ತವೆ. ಕೊನೆಯ ಗಟ್ಟಿ ಮಳೆ ಬಿದ್ದು ಎರಡು-ಮೂರು ವಾರಕ್ಕೆ ಎಳೆ ಗಿಡದ ಮಟ್ಟಿನ ದಾಸ್ತಾನು ಕರಗಿರುತ್ತದೆ. ಬಂಗಾಳಕೊಲ್ಲಿಯ ವಾಯುಭಾರ ಕುಸಿತದಿಂದ ಡಿಸೆಂಬರಿನಲ್ಲೊಂದು ಮಳೆ ಬಂದರೆ ಅದು ಲಾಭ, ನೆಚ್ಚಿ ಕೂರುವಂಥದ್ದಲ್ಲ. ಈ ಕಾಲದಲ್ಲಿ ಹತ್ತು ದಿನಕ್ಕೊಮ್ಮೆ ಇಪ್ಪತ್ತೈದು ಲೀಟರ್ ಕೊಟ್ಟ ಗಿಡ ಬೇರನ್ನು ಕೆಳಗೆ ಇಳಿಸುತ್ತಲೇ ಇರುತ್ತದೆ, ಮಾರ್ಚ್ ಬಂದಾಗ ಅದಕ್ಕೆ ಆಳದ ಹದ ಸಿಗುತ್ತದೆ. ಡಿಸೆಂಬರಿನಲ್ಲಿ ಬಿಟ್ಟ ಗಿಡವನ್ನು ಏಪ್ರಿಲ್‌ನಲ್ಲಿ ದಿನಾ ನೀರು ಹಾಕಿ ಎತ್ತಲು ಆಗುವುದಿಲ್ಲ. 2024ರ ಏಪ್ರಿಲ್ 28ರಂದು ನಗರದಲ್ಲಿ ಉಷ್ಣಾಂಶ 38.5 ಡಿಗ್ರಿ ತಲುಪಿತ್ತು, ಆ ಇಡೀ ತಿಂಗಳು ಹೇಳಿಕೊಳ್ಳುವಂಥ ಮಳೆಯೇ ಇರಲಿಲ್ಲ. ಅಂಥ ಏಪ್ರಿಲ್ ಮತ್ತೆ ಬರುತ್ತದೆ ಎಂದೇ ಎಣಿಸಿ ನವೆಂಬರಿನಿಂದ ಸಿದ್ಧವಾಗಬೇಕು.

ಆ 2024ರ ಬೇಸಿಗೆ ಇನ್ನೊಂದು ಪ್ರಶ್ನೆಯನ್ನೂ ಎತ್ತಿತು, ಇದಕ್ಕೆ ಉತ್ತರ ಕೊಡದೆ ಮುಂದೆ ಹೋಗುವುದು ಸರಿಯಲ್ಲ. ಬೋರ್‌ವೆಲ್ ಬತ್ತಿ, ಟ್ಯಾಂಕರಿಗೆ ಸರದಿ ನಿಂತಿದ್ದ ವೈಟ್‌ಫೀಲ್ಡಿನಲ್ಲಿ ಮಾವಿನ ಗಿಡಕ್ಕೆ ನೀರು ಹಾಕುವುದು ಎಷ್ಟು ಸರಿ? ಆ ಮಾರ್ಚ್‌ನಲ್ಲಿ ಜಲಮಂಡಳಿ ಕೈದೋಟ, ಕಾರು ತೊಳೆಯುವುದು ಮುಂತಾದವಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶಿಸಿತು, 2025ರ ಫೆಬ್ರವರಿಯಲ್ಲಿ ಮತ್ತೆ ಅದೇ ಆದೇಶ ಬಂತು. ಆದೇಶ ಸರಿಯಾದದ್ದೇ. ನೂರು ಕಿಲೋಮೀಟರ್ ದೂರದಿಂದ, ಸುಮಾರು ಐನೂರು ಮೀಟರ್ ಮೇಲಕ್ಕೆತ್ತಿ ತರುವ ಕಾವೇರಿ ನೀರನ್ನು ಸೀಬೆ ಗಿಡಕ್ಕೆ ಸುರಿಯುವುದನ್ನು ಯಾರೂ ಸಮರ್ಥಿಸಲಾರರು. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಕಾವೇರಿ ಯೋಜನೆಯ ಐದನೇ ಹಂತ 110 ಹಳ್ಳಿಗಳಿಗೆ ನೀರು ತಂದಿದೆ ಎಂಬುದೂ ಇದಕ್ಕೆ ಪರವಾನಗಿ ಅಲ್ಲ. ಆದರೆ ಲೆಕ್ಕ ಹಾಕಿ ನೋಡಿ. ನವೆಂಬರ್ ಕೊನೆಯಿಂದ ಮೇ ಮಧ್ಯದವರೆಗೆ ಮೇಲೆ ಹೇಳಿದ ಅಳತೆಯಲ್ಲಿ, ಜೂನ್-ಜುಲೈಯ ಬಿಡುವಿನ ದಿನಗಳನ್ನೂ ಸೇರಿಸಿ, ಒಂದು ಎಳೆ ಗಿಡಕ್ಕೆ ಇಡೀ ವರ್ಷಕ್ಕೆ ಬೇಕಾಗುವುದು 700ರಿಂದ 800 ಲೀಟರ್. ದಿನಕ್ಕೆ ಮೂರು ಲೀಟರಿನ ಪೈಪು ಪದ್ಧತಿಯಲ್ಲಿ ವರ್ಷಕ್ಕೆ ಖರ್ಚಾಗುವುದು 1,095 ಲೀಟರ್. ಕಡಿಮೆ ನೀರಿನ ದಾರಿಯೇ ಗಿಡ ಉಳಿಸುವ ದಾರಿಯೂ ಆಗಿದೆ. ಇನ್ನು ಸೂರಿನ ಮೇಲೆ ಬೀಳುವ ನೀರು: ನೂರು ಚದರ ಮೀಟರ್ ತಾರಸಿಯ ಮೇಲೆ ಒಂದು ಸಂಜೆ 20 ಮಿಲಿಮೀಟರ್ ಮಳೆ ಬಿದ್ದರೆ 2,000 ಲೀಟರ್, ಎರಡು ಗಿಡಗಳ ವರ್ಷದ ಪಾಲು. 2009ರಿಂದ ಮಳೆ ನೀರು ಕೊಯ್ಲು ಕಡ್ಡಾಯವಾದ ಊರಿನಲ್ಲಿ ಅಕ್ಟೋಬರಿನ ನೀರನ್ನು ಒಂದೆರಡು ಸಿಂಟೆಕ್ಸ್ ಟ್ಯಾಂಕಿನಲ್ಲಿ ಹಿಡಿದಿಡುವುದು ದೊಡ್ಡ ಮಾತೇನಲ್ಲ.

ಯಾವ ನೀರು ಎಂಬುದೂ ಮುಖ್ಯ. ತರಕಾರಿ, ಅಕ್ಕಿ, ಬೇಳೆ ತೊಳೆದ ನೀರು ಧಾರಾಳವಾಗಿ ಆಗುತ್ತದೆ. ಆರ್‌ಒ ಯಂತ್ರ ಹೊರಹಾಕುವ ನೀರಿನಲ್ಲಿ ಲವಣ ಮೂಲ ನೀರಿಗಿಂತ ಹೆಚ್ಚು, ಅದನ್ನೇ ನೆಚ್ಚಬಾರದು. ನೆಲ ಒರೆಸಲು ಇಟ್ಟುಕೊಳ್ಳಲಿ. ವಾಷಿಂಗ್ ಮಷೀನಿನ ನೀರಿನಲ್ಲಿ ಸೋಡಿಯಂ ಇರುತ್ತದೆ. ಅದಕ್ಕಿಂತ ಕಣ್ಣಿಗೆ ಕಾಣದ್ದು ಸಾಫ್ಟ್‌ನರ್. ಐಟಿ ಪಟ್ಟಿಯ ಬಹಳಷ್ಟು ಅಪಾರ್ಟ್‌ಮೆಂಟು, ವಿಲ್ಲಾಗಳಲ್ಲಿ ಗಡಸು ನೀರನ್ನು ಮೃದು ಮಾಡುವ ಘಟಕವಿದೆ. ಅದು ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಸೇರಿಸುತ್ತದೆ. ಸ್ನಾನಕ್ಕೆ ಹಿತ, ಮಣ್ಣಿಗೆ ಕೇಡು. ಸೋಡಿಯಂ ಸೇರಿದ ಮಣ್ಣಿನ ಕಣಗಳು ಚೆದುರಿ ಮೇಲ್ಪದರ ಹೆಪ್ಪುಗಟ್ಟಿ ನೀರೇ ಇಂಗದಂತಾಗುತ್ತದೆ. ತೋಟದ ನಲ್ಲಿಯನ್ನು ಸಾಫ್ಟ್‌ನರಿಗೆ ಮೊದಲೇ ಕವಲೊಡೆಸಿ ತರಬೇಕೆಂದು ಪ್ಲಂಬರಿಗೆ ಹೇಳಿದರೆ ಒಂದು ದಿನದ ಕೆಲಸ. ಕೊಳಚೆ ನೀರಿನ ಘಟಕದಲ್ಲಿ (ಎಸ್‌ಟಿಪಿ) ಶುದ್ಧೀಕರಿಸಿದ ನೀರು ಸರಿಯಾಗಿ ಸೋಸಿದ್ದಾದರೆ ಹಣ್ಣಿನ ಗಿಡಕ್ಕೆ ಬಳಸಬಹುದು. ಹಸಿಯಾಗಿ ತಿನ್ನುವ ಸೊಪ್ಪಿಗೆ ತಾಗಿದಂತೆ ಮರದ ಮೇಲಿನ ಹಣ್ಣಿಗೆ ಆ ನೀರು ತಾಗುವುದಿಲ್ಲ. ಎಲೆಗೆ ಚಿಮುಕಿಸದೆ ಬುಡಕ್ಕೆ ಮಾತ್ರ ಬಿಡಬೇಕು, ವರ್ಷಕ್ಕೆ ಒಂದೆರಡು ಸಲ ಒಳ್ಳೆಯ ಮಳೆ ನೀರಿನಿಂದ ಲವಣ ತೊಳೆದುಹೋಗುವಂತೆ ನೋಡಿಕೊಳ್ಳಬೇಕು. ಪೀಣ್ಯದವರಿಗೆ ಮಾತ್ರ ಬೇರೆಯದೇ ಎಚ್ಚರಿಕೆ ಬೇಕು. ಲೋಹಲೇಪನದ ಕಾರ್ಖಾನೆಗಳಿರುವ ಆ ಪ್ರದೇಶದ ಅಂತರ್ಜಲದಲ್ಲಿ ಕ್ರೋಮಿಯಂ ಪತ್ತೆಯಾಗಿದೆ. ಪರೀಕ್ಷೆ ಮಾಡಿಸದ ಬೋರ್‌ವೆಲ್ ನೀರನ್ನು ತಿನ್ನುವ ಹಣ್ಣಿನ ಗಿಡಕ್ಕೆ ಅಲ್ಲಿ ಹಾಕದಿರುವುದೇ ಒಳ್ಳೆಯದು, ಮಳೆ ನೀರೇ ಗತಿ.

ಇಷ್ಟೆಲ್ಲ ತಲೆನೋವು ಬೇಡ, ಹನಿ ನೀರಾವರಿ ಹಾಕಿಸಿದ್ದೇವೆ, ಟೈಮರ್ ಇದೆ ಎನ್ನುವವರೂ ಇದ್ದಾರೆ. ಹನಿ ನೀರಾವರಿ ಒಳ್ಳೆಯದೇ, ಟೈಮರ್ ಹೇಗೆ ಇಟ್ಟಿದ್ದೀರಿ ಎಂಬುದೇ ಪ್ರಶ್ನೆ. ಗಂಟೆಗೆ ನಾಲ್ಕು ಲೀಟರ್ ಬಿಡುವ ಎರಡು ಡ್ರಿಪ್ಪರನ್ನು ದಿನಾ ಹತ್ತು ನಿಮಿಷ ಓಡಿಸಿದರೆ ಸುಮಾರು ಒಂದೂಕಾಲು ಲೀಟರಿನ ಚೂರು. ಪೈಪಿನ ತಪ್ಪನ್ನೇ ಯಂತ್ರದಿಂದ ಮಾಡಿಸಿದಂತಾಯಿತು. ಅದನ್ನೇ ವಾರಕ್ಕೊಮ್ಮೆ ಮೂರು ಗಂಟೆ ಓಡಿಸಿದರೆ 24 ಲೀಟರ್ ನಿಧಾನವಾಗಿ ಆಳಕ್ಕೆ ಇಳಿಯುತ್ತದೆ. ಗಿಡ ಅಗಲವಾದಂತೆ ಡ್ರಿಪ್ಪರನ್ನೂ ಬುಡದಿಂದ ದೂರ ಸರಿಸಬೇಕು, ಇಲ್ಲದಿದ್ದರೆ ಮೂರನೇ ವರ್ಷವೂ ನೀರು ಕಾಂಡಕ್ಕೇ ತೊಟ್ಟಿಕ್ಕುತ್ತಿರುತ್ತದೆ. ಹುಲ್ಲುಹಾಸಿನ ಸ್ಪ್ರಿಂಕ್ಲರ್ ಸಾಲಿನಲ್ಲೇ ಹಣ್ಣಿನ ಗಿಡ ನೆಟ್ಟಿದ್ದರೆ ಅದನ್ನು ಬೇರ್ಪಡಿಸದೆ ದಾರಿಯಿಲ್ಲ. ಹುಲ್ಲಿನ ಬೇರು ನಾಲ್ಕು ಬೆರಳು, ಅದರ ನೀರಿನ ಪಾಠ ಮರಕ್ಕೆ ಒಗ್ಗುವುದಿಲ್ಲ. ಪಾತಿಯ ಮೇಲೆ ತರಗೆಲೆ, ಒಣಹುಲ್ಲು ಅಥವಾ ತೆಂಗಿನ ಸಿಪ್ಪೆಯ ಮುಚ್ಚಿಗೆ ನಾಲ್ಕು ಬೆರಳು ದಪ್ಪ ಹಾಕಿದರೆ ಬೇಸಿಗೆಯಲ್ಲಿ ನೀರಿನ ನಡುವೆ ಇನ್ನೂ ಒಂದೆರಡು ದಿನ ಸಿಗುತ್ತದೆ. ಲೇಔಟಿನವರು ಗುಡಿಸಿ ಸುಡುವ ಹೊಂಗೆ ಎಲೆಯೇ ಇದಕ್ಕೆ ಸಾಕು. ಕಾಂಡಕ್ಕೆ ತಾಗದಂತೆ ಬಿಟ್ಟು ಹರಡಬೇಕು, ಗೆದ್ದಲು ಕಂಡರೆ ಸರಿಸಬೇಕು.

ಎರಡನೇ ವರ್ಷ ಪಾತಿಯನ್ನು ಎಲೆಯ ನೆರಳಿನ ಅಂಚಿನವರೆಗೆ ಅಗಲಿಸಿ ನಲವತ್ತು ಲೀಟರ್, ಮೂರನೇ ವರ್ಷ ಅರವತ್ತು ಲೀಟರ್ ಎಂದು ಒಂದು ಸಲದ ಅಳತೆ ಏರುತ್ತದೆ, ನಡುವಿನ ದಿನಗಳೂ ಹಿಗ್ಗುತ್ತವೆ. ಇಲ್ಲಿಗೆ ಇನ್ನೊಂದು ಗೊಂದಲ ಬರುತ್ತದೆ. ಮಾವಿಗೆ ಅಕ್ಟೋಬರಿನಿಂದ ಹೂ ಕಾಣುವವರೆಗೆ ನೀರು ನಿಲ್ಲಿಸಬೇಕು, ಆಗಲೇ ಹೂ ಬಿಡುತ್ತದೆ ಎಂದು ರೈತರು ಹೇಳುವುದನ್ನು ಕೇಳಿ ಮೊದಲ ವರ್ಷದ ಗಿಡವನ್ನೂ ಒಣಗಿಸುವವರಿದ್ದಾರೆ. ಕೋಲಾರ, ಶ್ರೀನಿವಾಸಪುರದ ಫಲ ಬಿಡುವ ಮರಕ್ಕೆ ಆ ಮಾತು ಸರಿ. ಎಳೆ ಕಸಿ ಗಿಡ ಹೂ ಬಿಟ್ಟರೂ ಮೊದಲ ಎರಡು-ಮೂರು ವರ್ಷ ಅದನ್ನು ಚಿವುಟಿ ಹಾಕಬೇಕಾಗಿರುವಾಗ ಹೂವಿಗಾಗಿ ಬಾಯಾರಿಸುವುದರಲ್ಲಿ ಅರ್ಥವಿಲ್ಲ. ನಾಲ್ಕನೇ ವರ್ಷ, ಕಾಂಡ ಮಣಿಕಟ್ಟಿನ ದಪ್ಪಕ್ಕೆ ಬಂದು ಕೊಂಬೆ ಕವಲೊಡೆದ ಮೇಲೆ ಅಕ್ಟೋಬರ್ ಕೊನೆಯಲ್ಲಿ ನೀರು ನಿಲ್ಲಿಸಿ ಜನವರಿಯಲ್ಲಿ ಹೂಗೊಂಚಲು ಕಾಣಲಿ. ಕಾಯಿ ಬಟಾಣಿ ಗಾತ್ರಕ್ಕೆ ಬಂದಾಗ ಮತ್ತೆ ಶುರುಮಾಡಿ ಹದಿನೈದು ದಿನಕ್ಕೊಮ್ಮೆ ಕೊಟ್ಟರೆ ಸಾಕು, ಸಪೋಟಕ್ಕೂ ಹಲಸಿಗೂ ಆ ಹೊತ್ತಿಗೆ ಅಷ್ಟೂ ಬೇಕಾಗಲಿಕ್ಕಿಲ್ಲ.